ಮನೆಯ ಈಜುಕೊಳದ ಫಿಲ್ಟರಿಗೆ ಏನು ತುಂಬಬೇಕು? ಮರಳು, ಗಾಜು, ಜಿಯೋಲೈಟ್ ಮತ್ತು ನಮ್ಮ ಕರಾವಳಿಯ ನೀರು

ಕದ್ರಿ, ಬೊಂದೇಲ್, ಮಣಿಪಾಲದಂಥ ಎತ್ತರದ ಜಾಗದಲ್ಲಿ ಮುರಕಲ್ಲಿನ ನೆಲ, ಕೆಂಪು ಮಣ್ಣು. ಉಳ್ಳಾಲ, ಪಣಂಬೂರು, ಮಲ್ಪೆ ಕಡೆ ಕಡಲ ಹೊಯ್ಗೆ, ಉಪ್ಪುಗಾಳಿ. ಎರಡು ಕಡೆಯೂ ಮನೆಯಂಗಳದ ಈಜುಕೊಳಕ್ಕೆ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಕುಡಿಯುವ ನೀರಿನ ಬಾವಿ ಇರುತ್ತದೆ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಫಿಲ್ಟರ್ ಟ್ಯಾಂಕಿಗೆ ಏನು ತುಂಬಬೇಕು ಎಂದು ಯೋಚಿಸುವಾಗ ಇಷ್ಟೂ ಲೆಕ್ಕಕ್ಕೆ ಬರಬೇಕು. ಆದರೆ ಅಂಗಡಿಯಲ್ಲಿ ಮಾತು ಶುರುವಾಗುವುದೇ ಮೈಕ್ರಾನ್‌ನಿಂದ: ಮರಳು 20ರಿಂದ 40, ಗಾಜು 10ರ ಆಸುಪಾಸು, ಜಿಯೋಲೈಟ್ ಎಂಬ ರಂಧ್ರಭರಿತ ಖನಿಜ 5. ಅಂದರೆ ಮಿಲಿಮೀಟರಿನ ಸಾವಿರದ ಎಷ್ಟು ಪಾಲಿನಷ್ಟು ಸಣ್ಣ ಕಣದವರೆಗೆ ಹಿಡಿಯುತ್ತದೆ ಎಂಬ ಲೆಕ್ಕ. ನನ್ನ ಪ್ರಕಾರ ಅದಕ್ಕಿಂತ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ನಿಮ್ಮ ಕೊಳಕ್ಕೆ ಬೀಳುವ ಕೊಳೆ ಯಾವ ಬಗೆಯದು? ನೀವು ತುಂಬುವ ಮೀಡಿಯಾವನ್ನು, ಅಂದರೆ ಶೋಧಿಸುವ ವಸ್ತುವನ್ನು, ನಿಮ್ಮ ಪಂಪು ಸರಿಯಾಗಿ ತೊಳೆಯಬಲ್ಲದೇ?

ಲೆಕ್ಕಕ್ಕೆ ಒಂದು ಕೊಳ ಇಟ್ಟುಕೊಳ್ಳೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಆಳ 1.35 ಮೀಟರ್. ನೀರು 43,200 ಲೀಟರ್. ಆರು ಗಂಟೆಗೊಮ್ಮೆ ಅಷ್ಟೂ ನೀರು ಫಿಲ್ಟರ್ ಮೂಲಕ ಹೋಗಬೇಕಾದರೆ ಗಂಟೆಗೆ 7,200 ಲೀಟರ್ ಹರಿವು ಬೇಕು. ಇಂಥ ಕೊಳಕ್ಕೆ ಸಾಮಾನ್ಯವಾಗಿ 600 ಮಿ.ಮೀ. ವ್ಯಾಸದ ಟ್ಯಾಂಕ್ ಕೂರಿಸುತ್ತಾರೆ. ಅದಕ್ಕೆ 140–150 ಕಿಲೋ ಮರಳು ಹಿಡಿಯುತ್ತದೆ. ನಿಖರವಾದ ತೂಕ ಟ್ಯಾಂಕಿನ ಲೇಬಲ್ ಮೇಲೆ ಇರುತ್ತದೆ, ಅದನ್ನೇ ನಂಬಿ.

ಮೊದಲು ಕೊಳೆಯ ವಿಷಯ. ಮಳೆಗಾಲದಲ್ಲಿ ಕೊಳದ ನೀರು ಕೆಂಪಗೆ, ಚಹಾಕ್ಕೆ ಹಾಲು ಬೆರೆಸಿದಂತೆ ಕಾಣುವುದು ಮುರಕಲ್ಲಿನ ಜೇಡಿಯಿಂದ. ಜೇಡಿಯ ಕಣ 2 ಮೈಕ್ರಾನಿಗಿಂತಲೂ ಸಣ್ಣದು. ಅಷ್ಟು ಸಣ್ಣದನ್ನು ಮರಳೂ ಹಿಡಿಯುವುದಿಲ್ಲ, ಗಾಜೂ ಹಿಡಿಯುವುದಿಲ್ಲ, ಜಿಯೋಲೈಟೂ ಪೂರ್ತಿ ಹಿಡಿಯುವುದಿಲ್ಲ. ಕೆಂಪು ನೀರು ತಿಳಿಯಾಗಲಿ ಎಂದು ಮರಳು ತೆಗೆಸಿ ದುಬಾರಿ ಮೀಡಿಯಾ ಹಾಕಿಸಿದರೆ ಮುಂದಿನ ಜುಲೈಯಲ್ಲಿ ಮತ್ತೆ ಅದೇ ಬಣ್ಣ. ಇದಕ್ಕೆ ಮದ್ದು ಎರಡೇ. ಒಂದು, ಅಂಗಳದ ನೀರು ಕೊಳಕ್ಕೆ ಬಾರದಂತೆ ಸುತ್ತ ನಾಲ್ಕು ಇಂಚು ಎತ್ತರದ ಅಂಚು, ಅದರಾಚೆ ಒಂದು ಕಣಿ. ಇನ್ನೊಂದು, ಬಂದು ಸೇರಿದ ಜೇಡಿಯನ್ನು ಸ್ಫಟಿಕ (ಆಲಂ) ಹಾಕಿ ತಳಕ್ಕೆ ಕೂರಿಸುವುದು.

ಸ್ಫಟಿಕಕ್ಕೆ ಇಲ್ಲಿ ಒಂದು ತೊಡಕಿದೆ. ನಮ್ಮ ಮುರಕಲ್ಲಿನ ಬಾವಿ ನೀರು ಹುಳಿ ಸ್ವಭಾವದ್ದು, ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ, ತೀರಾ ಕಡಿಮೆ. ಮಳೆನೀರಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಸ್ಫಟಿಕ ಕೆಲಸ ಮಾಡುವಾಗ ಕ್ಷಾರೀಯತೆಯನ್ನು ತಿನ್ನುತ್ತದೆ, ಲೀಟರಿಗೆ 30 ಮಿಲಿಗ್ರಾಂ ಹಾಕಿದರೆ ಸುಮಾರು 15 ಮಿಲಿಗ್ರಾಂ ಹೋಯಿತು. ಮೊದಲೇ 20–30 ಇರುವ ನೀರಿಗೆ ಸುರಿದರೆ ಪಿಎಚ್ ಕುಸಿಯುತ್ತದೆ, ಮೋಡದಂಥ ತುಣುಕು ಕಟ್ಟುವುದಿಲ್ಲ, ನೀರು ಇದ್ದದ್ದಕ್ಕಿಂತ ಮಬ್ಬಾಗುತ್ತದೆ. ಹಾಗಾಗಿ ಮೊದಲು ಟೆಸ್ಟ್ ಕಿಟ್‌ನಲ್ಲಿ ಕ್ಷಾರೀಯತೆ ನೋಡಿ, 80ರ ಹತ್ತಿರಕ್ಕೆ ತನ್ನಿ. ನಮ್ಮ ಲೆಕ್ಕದ ಕೊಳದಲ್ಲಿ ಪ್ರತಿ 10 ಮಿಲಿಗ್ರಾಂ ಏರಿಸಲು ಸುಮಾರು 725 ಗ್ರಾಂ ಅಡುಗೆ ಸೋಡಾ ಬೇಕು. ಆಮೇಲೆ 1.3 ಕಿಲೋ ಸ್ಫಟಿಕವನ್ನು ಬಕೆಟ್ ನೀರಿನಲ್ಲಿ ಪೂರ್ತಿ ಕರಗಿಸಿ ಕೊಳದ ಸುತ್ತ ಚೆಲ್ಲಿ. ಫಿಲ್ಟರಿನ ವಾಲ್ವನ್ನು, ನೀರು ಮರಳನ್ನು ಮುಟ್ಟದೆ ಸುತ್ತುವ ರೀಸರ್ಕ್ಯುಲೇಟ್‌ಗೆ ತಿರುಗಿಸಿ ಎರಡು ಗಂಟೆ ಪಂಪ್ ಓಡಿಸಿ, ಬಳಿಕ ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ತಳದಲ್ಲಿ ಹತ್ತಿಯಂತೆ ಕೂತಿರುವ ಪದರವನ್ನು ವಾಲ್ವ್ ವೇಸ್ಟ್‌ನಲ್ಲಿಟ್ಟು ನಿಧಾನವಾಗಿ ಹೀರಿ ಹೊರಗೆ ಬಿಡಬೇಕು. ಇದನ್ನು ಫಿಲ್ಟರ್ ಮೂಲಕ ಹಾಯಿಸಬೇಡಿ. ಅಂಟಂಟಾದ ಸ್ಫಟಿಕ ಮರಳಿನ ಮೇಲೆ ಹಪ್ಪಳದಂತೆ ಕೂತುಬಿಡುತ್ತದೆ. ಕಾರ್ಟ್ರಿಜ್ (ಮಡಿಸಿದ ಬಟ್ಟೆಯ ಫಿಲ್ಟರ್) ಆದರೆ ಮಡಿಕೆಗಳ ಒಳಗೆ ಸೇರಿ ಮತ್ತೆ ಬಿಡಿಸಲು ಬರುವುದಿಲ್ಲ. ವೇಸ್ಟ್‌ಗೆ ಹೋಗುವ ನೀರಿನ ಬಗ್ಗೆ ಆಟಿಯಲ್ಲಿ (ಜುಲೈ–ಆಗಸ್ಟ್) ಚಿಂತೆ ಬೇಡ: 100 ಮಿ.ಮೀ. ಮಳೆ ಬಿದ್ದ ದಿನ 32 ಚದರ ಮೀಟರಿನ ಕೊಳಕ್ಕೆ 3,200 ಲೀಟರ್ ತಾನಾಗಿಯೇ ಬಂದು ಸೇರುತ್ತದೆ.

ಈಗ ಪಂಪಿನ ವಿಷಯ. ಮೀಡಿಯಾ ಕೆಟ್ಟಿದೆ ಎಂದು ದೂರುವವರ ಮನೆಯಲ್ಲಿ ಬಹಳ ಸಲ ನಿಜವಾದ ತಪ್ಪು ಇರುವುದು ಇಲ್ಲಿ. ಶೋಧಿಸುವಾಗ ನೀರು ನಿಧಾನವಾಗಿ ಕೆಳಗೆ ಇಳಿಯಬೇಕು, ಬ್ಯಾಕ್‌ವಾಶ್ ಮಾಡುವಾಗ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವಾಗ, ಜೋರಾಗಿ ಮೇಲೆ ಏಳಬೇಕು. ಮರಳು ಎದ್ದು ಕುದಿದಂತಾದರೆ ಮಾತ್ರ ಕಣಗಳು ಒಂದಕ್ಕೊಂದು ಉಜ್ಜಿ ಕೊಳೆ ಬಿಡುತ್ತವೆ. ಅದಕ್ಕೆ ಪ್ರತಿ ಚದರ ಮೀಟರ್ ಮರಳಿಗೆ ಗಂಟೆಗೆ ಸುಮಾರು 37 ಘನ ಮೀಟರ್ ನೀರು ಬೇಕು. ನಮ್ಮಲ್ಲಿ ಕೊಳದ ನೀರು 28–30 ಡಿಗ್ರಿ ಇರುತ್ತದೆ, ಬೆಚ್ಚಗಿನ ನೀರು ತೆಳು, ಮರಳನ್ನು ಎತ್ತುವ ಬಲ ಅದಕ್ಕೆ ಕಮ್ಮಿ. ಹಾಗಾಗಿ ಇಷ್ಟಕ್ಕಿಂತ ಹೆಚ್ಚಿದ್ದರೇ ಒಳ್ಳೆಯದು. 600 ಮಿ.ಮೀ. ಟ್ಯಾಂಕಿನ ಅಡ್ಡಕೊಯ್ತದ ವಿಸ್ತೀರ್ಣ 0.283 ಚದರ ಮೀಟರ್. ಅಂದರೆ ಬ್ಯಾಕ್‌ವಾಶ್‌ಗೆ ಗಂಟೆಗೆ 10,500 ಲೀಟರ್ ಬೇಕು. ಶೋಧಿಸಲು ಸಾಕಾಗುವ 7,200 ಲೀಟರಿನ ಪಂಪನ್ನೇ ಇದಕ್ಕೆ ಜೋಡಿಸಿದ್ದರೆ ಮರಳು ಎಂದೂ ಪೂರ್ತಿ ತೊಳೆಯಲ್ಪಡುವುದಿಲ್ಲ. ಮೇಲಿನ ಕೊಳೆ ಮಾತ್ರ ಹೋಗುತ್ತದೆ, ನಡುವಿನದ್ದು ವರ್ಷದಿಂದ ವರ್ಷಕ್ಕೆ ಉಂಡೆಗಟ್ಟುತ್ತದೆ.

ನಿಮ್ಮ ಪಂಪು ಎಷ್ಟು ಕೊಡುತ್ತದೆ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಗಾಳಿಯಿಲ್ಲದ ಹೊತ್ತಿನಲ್ಲಿ ನೀರಿನ ಮಟ್ಟಕ್ಕೆ ಟೈಲ್ಸ್ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಕೊಳಕ್ಕೆ ನೀರು ಬಿಡುವ ನಲ್ಲಿ ಬಂದ್ ಇರಲಿ. ಸರಿಯಾಗಿ ಮೂರು ನಿಮಿಷ ಬ್ಯಾಕ್‌ವಾಶ್ ಮಾಡಿ, ನೀರು ಅಲುಗಾಡುವುದು ನಿಂತ ಮೇಲೆ ಎಷ್ಟು ಇಳಿದಿದೆ ಎಂದು ಸ್ಕೇಲ್ ಇಟ್ಟು ನೋಡಿ. 8×4 ಕೊಳದಲ್ಲಿ ಒಂದು ಸೆಂಟಿಮೀಟರ್ ಅಂದರೆ 320 ಲೀಟರ್. 600ರ ಟ್ಯಾಂಕಿಗೆ 525 ಲೀಟರ್ ಬೇಕು, ಅಂದರೆ 1.6 ಸೆಂಟಿಮೀಟರ್ ಇಳಿಯಬೇಕು. ಒಂದೇ ಸೆಂಟಿಮೀಟರ್ ಇಳಿದರೆ ಮೀಡಿಯಾ ಬದಲಿಸುವ ಮಾತು ಆಮೇಲೆ, ಮೊದಲು ಪೈಪು ನೋಡಿ. ಬ್ಯಾಕ್‌ವಾಶ್ ಪೈಪನ್ನು ಒಂದೂವರೆ ಇಂಚಿನಲ್ಲಿ ಎಳೆದು, ನಾಲ್ಕಾರು ಎಲ್ಬೋ ಹಾಕಿ, ಕಾಂಪೌಂಡ್ ಗೋಡೆ ಹತ್ತಿಸಿ ತೋಡಿಗೆ ಬಿಟ್ಟಿರುವುದು ಸಾಮಾನ್ಯ. ಎರಡು ಇಂಚಿನ ಪೈಪು, ಕಡಿಮೆ ತಿರುವು, ಇಳಿಜಾರು ಮಾಡಿದರೆ ಅದೇ ಪಂಪಿನಿಂದ ಹೆಚ್ಚು ನೀರು ಬರುತ್ತದೆ. ಹೊಸದಾಗಿ ಕಟ್ಟಿಸುವವರಾದರೆ ವೇಗ ಬದಲಿಸಬಹುದಾದ ಪಂಪು ಹಾಕಿಸಿ: ದಿನನಿತ್ಯಕ್ಕೆ ನಿಧಾನ, ಬ್ಯಾಕ್‌ವಾಶ್‌ಗೆ ಜೋರು.

ಇಷ್ಟಾದ ಮೇಲೆ ಮರಳು. ಸರಿಯಾದ ಮರಳನ್ನು ಸರಿಯಾಗಿ ತೊಳೆಯುತ್ತಿದ್ದರೆ ನಮ್ಮ ಊರಿನ ಹೆಚ್ಚಿನ ಮನೆಗಳಿಗೆ ಅದೇ ಸಾಕು, ಐದಾರು ವರ್ಷ ಚೆನ್ನಾಗಿ ನಡೆಯುತ್ತದೆ. ಸರಿಯಾದ್ದು ಅಂದರೆ ತೊಳೆದು ಜರಡಿ ಹಿಡಿದ ಸಿಲಿಕಾ ಮರಳು, ಕಣ 0.4ರಿಂದ 0.8 ಮಿ.ಮೀ. ಅಂಗಡಿಯಲ್ಲಿ ಮೆಶ್ (ಜರಡಿಯ ಕಣ್ಣು) ಲೆಕ್ಕ ಹೇಳಿದರೆ 20/40 ಕೇಳಿ. ಅದರ ಬದಲು ಸುಲಭವಾಗಿ ಸಿಗುವ 16/30 ಕೊಟ್ಟುಬಿಡುತ್ತಾರೆ, ಅದು 0.6ರಿಂದ 1.18 ಮಿ.ಮೀ. ಕುಡಿಯುವ ನೀರಿನ ಫಿಲ್ಟರಿಗೆ ನಡೆಯಬಹುದು, ಈಜುಕೊಳಕ್ಕೆ ದಪ್ಪವಾಯಿತು. ಮೂಟೆ ಬಿಚ್ಚಿ ಒಂದು ಚಿಟಿಕೆ ತೆಗೆದು, ಮಕ್ಕಳ ಸ್ಕೇಲಿನ ಅಂಚಿಗೆ ಹತ್ತು ಕಣಗಳನ್ನು ಸೂಜಿಯ ತುದಿಯಿಂದ ಸಾಲಾಗಿ ಜೋಡಿಸಿ. ಸಾಲು 5ರಿಂದ 7 ಮಿಲಿಮೀಟರ್ ಬಂದರೆ ಸರಿ, 10 ಮುಟ್ಟಿದರೆ ವಾಪಸ್ ಕೊಡಿ. ಇನ್ನೊಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ ನೀರು ತುಂಬಿ ಕುಲುಕಿ. ಒಂದು ನಿಮಿಷದಲ್ಲಿ ಮೇಲಿನ ನೀರು ತಿಳಿಯಾಗಬೇಕು. ಮಬ್ಬು ಹಾಗೇ ಉಳಿದರೆ ತೊಳೆಯದ ಮಾಲು. ಮೂರನೆಯದು ವಿನೆಗರ್: ಒಂದು ಚಮಚ ಮರಳಿನ ಮೇಲೆ ಹಾಕಿದಾಗ ಗುಳ್ಳೆ ಏಳಬಾರದು. ಎದ್ದರೆ ಅದರಲ್ಲಿ ಚಿಪ್ಪಿನ ಚೂರು ಇದೆ ಎಂದರ್ಥ.

ಈ ಮೂರನೆಯ ಪರೀಕ್ಷೆ ನಮ್ಮ ಕಡೆ ಯಾಕೆ ಬೇಕು ಎಂದರೆ, ಕಡಲ ಹೊಯ್ಗೆ ಕಣ್ಣಿಗೆ ಸಣ್ಣಗೆ, ಚಂದವಾಗಿ ಕಾಣುತ್ತದೆ. ಒಳಗೆ ಉಪ್ಪು, ಚಿಪ್ಪು ಎರಡೂ ಇರುತ್ತವೆ. ಕೊಳಕ್ಕೆ ಆ್ಯಸಿಡ್ ಹಾಕಿದಾಗಲೆಲ್ಲ ಚಿಪ್ಪು ಕರಗಿ ಪಿಎಚ್ ಏರುತ್ತಲೇ ಇರುತ್ತದೆ. ನೇತ್ರಾವತಿ, ಸ್ವರ್ಣಾ ನದಿಯ ಹೊಯ್ಗೆಯೂ ಬೇಡ. ಗಾರೆಗೆ ಅದು ಬಂಗಾರ, ಫಿಲ್ಟರಿಗಲ್ಲ. ಹೊಳೆಯುವ ಅಭ್ರಕದ ಚಕ್ಕೆ, ಜೇಡಿ, ಸಣ್ಣದು ದಪ್ಪದ್ದು ಎಲ್ಲ ಬೆರೆತಿರುತ್ತದೆ. ಸಣ್ಣದು ದಪ್ಪದ್ದರ ಸಂದಿಗೆ ಹೋಗಿ ಗಟ್ಟಿಯಾಗುತ್ತದೆ, ತೀರಾ ಸಣ್ಣದು, ಟ್ಯಾಂಕಿನ ತಳದಲ್ಲಿ ಶೋಧಿಸಿದ ನೀರು ಸಂಗ್ರಹಿಸುವ ಲ್ಯಾಟರಲ್ ಪೈಪಿನ ಸೀಳಿನಿಂದ ಜಾರಿ ಕೊಳದ ತಳಕ್ಕೆ ಬರುತ್ತದೆ.

ಗಾಜಿನ ಮೀಡಿಯಾ ಮರಳಿಗಿಂತ ಹಲವು ಪಟ್ಟು ದುಬಾರಿ. ಆ ಹಣಕ್ಕೆ ಸಿಗುವುದು ಮೈಕ್ರಾನ್‌ಗಿಂತ ಮುಖ್ಯವಾಗಿ ನುಣುಪು. ಮರಳಿನ ಮೈ ತರಿತರಿ, ಅದರಲ್ಲಿ ಬ್ಯಾಕ್ಟೀರಿಯಾದ ಲೋಳೆ ಹಿಡಿದು ಕೂರುತ್ತದೆ. ಗಾಜಿನ ಮೇಲೆ ಅದು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಪಂಪು ಒಂದು ದಿನ ನಿಂತಿತೆನ್ನಿ, ಟ್ಯಾಂಕಿನೊಳಗಿನ ಕ್ಲೋರಿನ್ ಖಾಲಿಯಾಗಿ ಮರಳಿನಲ್ಲಿ ವಾಸನೆ ಹುಟ್ಟುತ್ತದೆ. ಗಾಜಿನಲ್ಲಿ ಈ ತೊಂದರೆ ಕಡಿಮೆ. ಏನೇ ತುಂಬಿದ್ದರೂ, ಇಡೀ ದಿನ ಕರೆಂಟು ಇಲ್ಲದಿದ್ದರೆ ಬಂದ ಕೂಡಲೇ ಮೊದಲು ಬ್ಯಾಕ್‌ವಾಶ್, ಆಮೇಲೆ ಫಿಲ್ಟರ್. ಮುಂಬೈಯಿಂದ, ಗಲ್ಫಿನಿಂದ ಬಂದ ನೆಂಟರ ಮಕ್ಕಳು ಮೇ ತಿಂಗಳಿಡೀ ಕೊಳ ಬಿಟ್ಟು ಮೇಲೇಳದ ಮನೆಗೆ ಗಾಜು ಹಾಕಿದ ಹಣ ವ್ಯರ್ಥವಲ್ಲ. ಗಾಜು ಮರಳಿಗಿಂತ ಹಗುರ, 150 ಕಿಲೋ ಮರಳಿನ ಜಾಗಕ್ಕೆ ಸುಮಾರು 125 ಕಿಲೋ ಸಾಕು. ಆದರೆ ತಯಾರಕರು ಕೇಳುವ ಬ್ಯಾಕ್‌ವಾಶ್ ಹರಿವು ಪ್ರತಿ ಚದರ ಮೀಟರಿಗೆ ಗಂಟೆಗೆ 40ರಿಂದ 50 ಘನ ಮೀಟರ್. ಪೆನ್ಸಿಲ್ ಗೆರೆಯ ಪರೀಕ್ಷೆಯಲ್ಲಿ ಸೋತ ಪಂಪಿಗೆ ಗಾಜು ತುಂಬುವುದು ದುಡ್ಡು ನೀರಿಗೆ ಹಾಕಿದಂತೆ. ಕೊಳ್ಳುವಾಗ ಕಣದ ಆಕಾರವನ್ನೂ ನೋಡಿ. ಚಪ್ಪಟೆ ಚಕ್ಕೆ, ಸೂಜಿಯಂಥ ಚೂರು ಕಂಡರೆ ಅದು ಬಾಟಲಿ ಪುಡಿ ಅಷ್ಟೆ, ಫಿಲ್ಟರಿಗಾಗಿ ತಯಾರಿಸಿದ್ದಲ್ಲ.

ಜಿಯೋಲೈಟ್ ಬಗ್ಗೆ ನನಗೆ ಅನುಮಾನ ಹೆಚ್ಚು. ಅದರ ಹೆಸರು ಇರುವುದು ಅಮೋನಿಯಾ ಹೀರುವುದಕ್ಕೆ. ಆದರೆ ಕ್ಲೋರಿನ್ ಇರುವ ಕೊಳದಲ್ಲಿ ಬೆವರು, ಮೂತ್ರದ ಅಮೋನಿಯಾ ಫಿಲ್ಟರಿಗೆ ತಲುಪುವ ಮೊದಲೇ ಕ್ಲೋರಿನ್ ಜೊತೆ ಸೇರಿಬಿಡುತ್ತದೆ, ಹೀರಲು ಉಳಿಯುವುದು ಸ್ವಲ್ಪವೇ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ ಇರುವ ಕೊಳದಲ್ಲಂತೂ, ಲೀಟರಿಗೆ ಮೂರ್ನಾಲ್ಕು ಗ್ರಾಂ ಉಪ್ಪಿರುವಾಗ, ಸೋಡಿಯಂ ಆ ಜಾಗವನ್ನೆಲ್ಲ ಹಿಡಿದುಕೊಳ್ಳುತ್ತದೆ. ಅಮೋನಿಯಾಕ್ಕೆ ಜಾಗವೇ ಇಲ್ಲ. ಮತ್ತೆ ಚುರುಕಾಗಿಸಲು ಶೇಕಡಾ 10ರ ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು, ಆ ಉಪ್ಪುನೀರನ್ನು ಬಾವಿಯ ಹತ್ತಿರ ಸುರಿಯುವಂತಿಲ್ಲ. ಸಣ್ಣ ಕಣ ಹಿಡಿಯುವುದು ನಿಜ, ಅದಕ್ಕಾಗಿಯೇ ಹಾಕುವುದಾದರೆ ಹಾಕಿ. ಮರಳಿನ ತೂಕದ ಅರ್ಧಕ್ಕಿಂತ ತುಸು ಹೆಚ್ಚು, ನಮ್ಮ ಟ್ಯಾಂಕಿಗೆ 80–90 ಕಿಲೋ. ತುಂಬಾ ಹಗುರವಾದ್ದರಿಂದ ಬ್ಯಾಕ್‌ವಾಶ್‌ನಲ್ಲಿ ಹೊರಹೋಗುವ ನೀರು ಕಾಣುವ ಸೈಟ್ ಗ್ಲಾಸಿನ ಮೇಲೆ ಕಣ್ಣಿಡಿ, ಕಣಗಳು ಹಾರಿಹೋಗುವುದು ಕಂಡರೆ ಪೈಪಿನ ವಾಲ್ವ್ ಕಿರಿದು ಮಾಡಬೇಕು. ಬಾವಿಯಲ್ಲಿ ಕಬ್ಬಿಣ ಇದ್ದರೆ ಬೇಡವೇ ಬೇಡ, ಅದರ ಸಣ್ಣ ರಂಧ್ರಗಳು ತುಕ್ಕಿನಿಂದ ಮುಚ್ಚಿಹೋಗುತ್ತವೆ.

ಉಳಿದವು ಬೇಗ ಮುಗಿಸಬಹುದು. ಫೈಬರ್ ಚೆಂಡುಗಳು, 700 ಗ್ರಾಂ 25 ಕಿಲೋ ಮರಳಿಗೆ ಸಮ ಎಂದು ಮಾರುವಂಥವು, ಮಕ್ಕಳ ಫ್ರೇಮ್ ಪೂಲಿಗೆ ಸರಿ. ಬ್ಯಾಕ್‌ವಾಶ್‌ನಲ್ಲಿ ಸ್ವಚ್ಛವಾಗುವುದಿಲ್ಲ, ತೆಗೆದು ಕೈಯಲ್ಲಿ ಒಗೆಯಬೇಕು. ಡಯಾಟಮ್ ಪುಡಿಯ ಫಿಲ್ಟರ್ 3–5 ಮೈಕ್ರಾನ್‌ವರೆಗೆ ಹಿಡಿಯುತ್ತದೆ, ಆದರೆ ನಮ್ಮ ಕೆಂಪು ನೀರಿಗೆ ಕೆಲವೇ ಗಂಟೆಗಳಲ್ಲಿ ಕಟ್ಟಿಕೊಳ್ಳುತ್ತದೆ, ಪ್ರತಿ ಸಲ ಹೊಸ ಪುಡಿ ಹಾಕಬೇಕು, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಇದ್ದಿಲಿನ ಮೀಡಿಯಾ ಕ್ಲೋರಿನ್ನನ್ನೇ ತಿಂದುಹಾಕುತ್ತದೆ, ಈಜುಕೊಳದ ಟ್ಯಾಂಕಿಗೆ ಅದು ಬರಲೇಬಾರದು. ಕಾರ್ಟ್ರಿಜ್ ಮಾತ್ರ ಗಂಭೀರವಾಗಿ ಯೋಚಿಸಬೇಕಾದ ಆಯ್ಕೆ. ಐದು ಸೆಂಟ್ಸ್ ಜಾಗ, ಬಾವಿ ಪಕ್ಕದಲ್ಲೇ, ಕ್ಲೋರಿನ್ ನೀರು ಬಿಡಲು ಎಡೆಯಿಲ್ಲ ಎಂಬಂಥ ಮನೆಗೆ ಅದೇ ಸರಿ, ಬ್ಯಾಕ್‌ವಾಶ್ ಇಲ್ಲ. ಗಂಟೆಗೆ 7,200 ಲೀಟರಿಗೆ ಕನಿಷ್ಠ 6 ಚದರ ಮೀಟರ್ ಬಟ್ಟೆ ಇರುವುದನ್ನು ಕೇಳಿ, ಎರಡು ಜೊತೆ ಇಟ್ಟುಕೊಳ್ಳಿ. ಒಂದು ಒಣಗುವಾಗ ಇನ್ನೊಂದು ಕೆಲಸ ಮಾಡಲಿ. ತೊಳೆಯುವಾಗ ಮೊದಲು ಸೋಪಿನ ನೀರಿನಲ್ಲಿ ಎಣ್ಣೆ ತೆಗೆದು, ಆಮೇಲೆ ಮಾತ್ರ ತೆಳು ಆ್ಯಸಿಡ್ ನೀರಿನಲ್ಲಿ ಕಬ್ಬಿಣದ ಕಲೆ ತೆಗೆಯಬೇಕು. ತಿರುಗಾ ಮುರುಗಾ ಮಾಡಿದರೆ ಎಣ್ಣೆ ಬಟ್ಟೆಯೊಳಗೇ ಗಟ್ಟಿಯಾಗುತ್ತದೆ.

ಎಣ್ಣೆ ಅಂದ ಮೇಲೆ ಹೇಳಲೇಬೇಕು. ನಮ್ಮಲ್ಲಿ ತಲೆಗೆ ತೆಂಗಿನೆಣ್ಣೆ ಹಚ್ಚದವರು ಕಡಿಮೆ. ಆ ಎಣ್ಣೆ ಮರಳಿನ ಮೇಲಿನ ಐದಾರು ಸೆಂಟಿಮೀಟರಿನಲ್ಲಿ ಕೂತು ಕಣಗಳನ್ನು ಅಂಟಿಸುತ್ತದೆ. ನೀರು ಆ ಉಂಡೆಗಳನ್ನು ಬಿಟ್ಟು ಪಕ್ಕದ ಬಿರುಕಿನಲ್ಲಿ ದಾರಿ ಮಾಡಿಕೊಳ್ಳುತ್ತದೆ. ಗೇಜ್ ಮಾತ್ರ ಒತ್ತಡ ಕಡಿಮೆ ತೋರಿಸುತ್ತಿರುತ್ತದೆ, ಕೊಳದ ನೀರು ಮಬ್ಬು. ಹೀಗಾದಾಗ ಟ್ಯಾಂಕ್ ತೆರೆದು ಮೇಲಿನ ಮರಳನ್ನು ಬೆರಳಲ್ಲಿ ಕೆದಕಿ ನೋಡಿ. ಒದ್ದೆ ಅವಲಕ್ಕಿಯಂತೆ ಒಟ್ಟೊಟ್ಟಿಗೆ ಬಂದರೆ ಎಣ್ಣೆ. ಕಲ್ಲಿನಂತೆ ಗಟ್ಟಿ ಪದರ ಇದ್ದರೆ ಅದು ಸುಣ್ಣ, ಬ್ಲೀಚಿಂಗ್ ಪೌಡರನ್ನು ನೇರವಾಗಿ ಸ್ಕಿಮ್ಮರಿಗೆ (ಕೊಳದ ಮೇಲ್ಮೈಯ ನೀರು ಹೀರುವ ಬಾಯಿಗೆ) ಸುರಿದದ್ದರ ಫಲ. ಬ್ಲೀಚಿಂಗ್ ಪೌಡರ್ ಬಳಸುವುದು ತಪ್ಪಲ್ಲ, ಕ್ಯಾಲ್ಸಿಯಂ ಕಡಿಮೆ ಇರುವ ನಮ್ಮ ನೀರಿಗೆ ಅದರಿಂದ ಟೈಲ್ಸ್ ಗ್ರೌಟ್ ಉಳಿಯಲು ಸಹಾಯವೇ ಆಗುತ್ತದೆ. ಆದರೆ ಬಕೆಟ್ ತುಂಬ ನೀರಿಗೆ ಪುಡಿ ಹಾಕಿ ಕಲಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿ ಮಾತ್ರ ಕೊಳಕ್ಕೆ ಹಾಕಬೇಕು. ಕ್ಲೋರಿನ್ ಮಾತ್ರೆ ಇಟ್ಟಿದ್ದ ಡಬ್ಬಕ್ಕೋ ಫ್ಲೋಟರಿಗೋ ಈ ಪುಡಿ ಯಾವತ್ತೂ ತಾಗಬಾರದು. ಎರಡೂ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು.

ಇನ್ನು ತುಂಬುವ ಕೆಲಸ. ಪಂಪಿನ ಸ್ವಿಚ್ ತೆಗೆದು, ತಳದ ಡ್ರೈನ್ ಪ್ಲಗ್ ಬಿಚ್ಚಿ, ನೀರು ಪೂರ್ತಿ ಇಳಿಯಲಿ. ಹಳೆ ಮರಳನ್ನು ಪ್ಲಾಸ್ಟಿಕ್ ಮಗ್ಗಿನಿಂದ ತೆಗೆಯಿರಿ, ಕಬ್ಬಿಣದ ಸಟ್ಟುಗ ಬೇಡ. ತಳ ಬಂದಾಗ ಬೆರಳಿನಷ್ಟು ದಪ್ಪದ ಲ್ಯಾಟರಲ್‌ಗಳು ಕಾಣುತ್ತವೆ, ಒಂದೊಂದನ್ನೂ ಬಗ್ಗಿಸದೆ ಮುಟ್ಟಿ ನೋಡಿ. ಕೂದಲೆಳೆ ಬಿರುಕು ಇದ್ದರೂ ಬದಲಿಸಿ, ಇಲ್ಲದಿದ್ದರೆ ಹೊಸ ಮರಳು ತುಂಬಿದ ಮರುದಿನವೇ ಕೊಳದ ರಿಟರ್ನ್ ಬಾಯಿಯ ಕೆಳಗೆ ಮರಳಿನ ಗುಪ್ಪೆ ಬಿದ್ದಿರುತ್ತದೆ. ಟ್ಯಾಂಕಿಗೆ ಅರ್ಧದಷ್ಟು ನೀರು ಬಿಡಿ, ಬೀಳುವ ಮರಳಿನ ಪೆಟ್ಟು ಲ್ಯಾಟರಲ್‌ಗೆ ತಾಗದಿರಲಿ ಎಂದು. ನಡುವಿನ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಟೇಪ್ ಸುತ್ತಿ. ಕೈಪಿಡಿ ಜಲ್ಲಿ ಕೇಳಿದ್ದರೆ 3–6 ಮಿ.ಮೀ. ನುಣುಪು ಬೆಣಚುಕಲ್ಲು, ಲ್ಯಾಟರಲ್ ಮುಚ್ಚುವಷ್ಟು. ಮುರಕಲ್ಲಿನ ಚೂರು ಹಾಕಬೇಡಿ, ಪುಡಿಯಾಗಿ ಕಬ್ಬಿಣ ಬಿಡುತ್ತದೆ. ಆಮೇಲೆ ಮರಳು, ನಿಧಾನವಾಗಿ, ಸುತ್ತಲೂ ಸಮನಾಗಿ. ಒಬ್ಬರು ನಡುವಿನ ಪೈಪು ವಾಲದಂತೆ ಹಿಡಿದಿರಲಿ. ಮೂಟೆಯ ಬಾಯಿಗೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಸಿಲಿಕಾ ದೂಳು ಒಳಗೆ ಹೋದರೆ ಶ್ವಾಸಕೋಶದಲ್ಲೇ ಉಳಿಯುತ್ತದೆ, ಕೆಲಸದವರಿಗೂ ಮಾಸ್ಕ್ ಕೊಡಿಸಿ. ಲೇಬಲ್ಲಿನ ತೂಕಕ್ಕಿಂತ ಒಂದು ಮೂಟೆ ಜಾಸ್ತಿ ಹಾಕುವ ಆಸೆ ಬೇಡ. ಬ್ಯಾಕ್‌ವಾಶ್‌ನಲ್ಲಿ ಮರಳು ಉಬ್ಬಿ ಏಳಲು ಮೇಲೆ ಖಾಲಿ ಜಾಗ ಬೇಕೇ ಬೇಕು.

ಕವರ್ ಬಿಚ್ಚಿ, ಮುಚ್ಚಳದ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ವ್ಯಾಸಲೀನ್ ಬೇಡ, ರಬ್ಬರ್ ಉಬ್ಬುತ್ತದೆ. ಮೊದಲ ಓಟ ಬ್ಯಾಕ್‌ವಾಶ್‌ನಲ್ಲೇ, ಸೈಟ್ ಗ್ಲಾಸ್ ತಿಳಿಯಾಗುವ ತನಕ, ನಾಲ್ಕೈದು ನಿಮಿಷ. ಬಳಿಕ ಒಂದು ನಿಮಿಷ ರಿನ್ಸ್, ಆಮೇಲೆ ಫಿಲ್ಟರ್. ಪ್ರತಿ ಸಲ ಹಿಡಿ ತಿರುಗಿಸುವ ಮೊದಲು ಪಂಪು ನಿಲ್ಲಿಸಲೇಬೇಕು, ಓಡುವಾಗ ತಿರುಗಿಸಿದರೆ ವಾಲ್ವಿನೊಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ. ನೀರು ಫಿಲ್ಟರಿನಲ್ಲಿ ಓಡತೊಡಗಿದ ಮೇಲೆ ಗೇಜ್ ತೋರಿಸುವ ಅಂಕೆಯನ್ನು ಮಾರ್ಕರಿನಲ್ಲಿ ಟ್ಯಾಂಕಿನ ಮೇಲೆಯೇ ಬರೆದಿಡಿ. ಅಲ್ಲಿಂದ ಒತ್ತಡ 8–10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್. ವಾರಕ್ಕೊಮ್ಮೆ ಎಂಬ ಲೆಕ್ಕ ಬೇಡ. ಸ್ವಲ್ಪ ಕೊಳೆ ಹಿಡಿದ ಮರಳು ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ, ಸುಮ್ಮನೆ ತೊಳೆಯುತ್ತಿದ್ದರೆ ಆ ಲಾಭ ಹೋಗುತ್ತದೆ. ಕಡಲ ಗಾಳಿಗೆ ಅಗ್ಗದ ಗೇಜ್ ಬೇಗ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಪಂಪು ನಿಂತಾಗ ಮುಳ್ಳು ಸೊನ್ನೆಗೆ ಬರುತ್ತದೋ ಎಂದು ಆಗಾಗ ನೋಡಿ. ಬದಲಿಸುವಾಗ ಗ್ಲಿಸರಿನ್ ತುಂಬಿದ ಸ್ಟೀಲ್ ಗೇಜ್ ತನ್ನಿ.

ಬ್ಯಾಕ್‌ವಾಶ್ ನೀರು ಒಂದು ಸಲಕ್ಕೆ ಆರುನೂರು ಲೀಟರ್ ಆಸುಪಾಸು. ಬಾವಿಗಿಂತ ತಗ್ಗಿನ ಜಾಗದಲ್ಲಿ, ಆದಷ್ಟು ದೂರದಲ್ಲಿ ಒಂದು ಮೀಟರ್ ಉದ್ದಗಲ ಆಳದ ಗುಂಡಿ ಮಾಡಿ, ತಳಕ್ಕೂ ಸುತ್ತಲಿನ ಗೋಡೆಗೂ ಸಿಮೆಂಟು ಹಾಕಿಸಿ. ಮುರಕಲ್ಲು ಜರಡಿಯಂತೆ, ಸುರಿದದ್ದು ಬಾವಿ ಸೇರಲು ಹೆಚ್ಚು ಹೊತ್ತು ಬೇಡ. ಬಿಸಿಲಿಗೆ ಎರಡು ಮೂರು ದಿನ ಬಿಟ್ಟು, ಟೆಸ್ಟ್ ಕಿಟ್‌ನಲ್ಲಿ ಕ್ಲೋರಿನ್ ಇಲ್ಲವೆಂದು ಕಂಡ ಮೇಲೆ ತೆಂಗಿನ ಬುಡಕ್ಕೆ ಬಿಡಬಹುದು. ತೆಗೆದ ಹಳೆ ಮರಳನ್ನು ಗೋಣಿಯಲ್ಲಿ ತುಂಬಿ ತೋಟದ ಮೂಲೆಗೆ ಹಾಕಬೇಡಿ, ಮೊದಲ ಮಳೆಗೆ ಹರಿದು ಮತ್ತೆ ಅಂಗಳಕ್ಕೇ ಬರುತ್ತದೆ. ಒಮ್ಮೆ ಒಳ್ಳೆಯ ನೀರಿನಲ್ಲಿ ತೊಳೆದು ಒಣಗಿಸಿದರೆ ಅಂಗಳದ ಇಂಟರ್‌ಲಾಕ್ ಕಲ್ಲಿನ ಅಡಿಗೆ ಹಾಸಲು ಆಗುತ್ತದೆ, 150 ಕಿಲೋ ಮರಳು ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಸುಮಾರು ನಾಲ್ಕು ಚದರ ಮೀಟರಿಗೆ ಸಾಕು.